ಬೇಟೆಹಕ್ಕಿಯ ಚೀನೀ ಅಕ್ಷರ ‘ಯಿಂಗ್’: ಗುರುತಿಸಿ, ನಿಘಂಟಿನಲ್ಲಿ ಹುಡುಕಿ, ಸರಿಯಾದ ಹಕ್ಕಿಯನ್ನು ತಲುಪುವ ಕ್ರಮ

ಚೀನೀ, ಜಪಾನೀ, ಕೊರಿಯನ್ ಭಾಷೆಗಳನ್ನು ಕಲಿಯುತ್ತಿರುವ ಕನ್ನಡಿಗರು, ಅಲ್ಲಿನ ಪಕ್ಷಿ ಪುಸ್ತಕಗಳನ್ನು ಓದಲು ಹೊರಟ ಪಕ್ಷಿವೀಕ್ಷಕರು ಮತ್ತು ಅನುವಾದಕರು ಒಂದೇ ಅಕ್ಷರದ ಬಳಿ ಮತ್ತೆ ಮತ್ತೆ ಎಡವುತ್ತಾರೆ. ಕೆಲವರಿಗೆ ಅದು ನಿಘಂಟಿನಲ್ಲಿ ಸಿಗುವುದೇ ಇಲ್ಲ. ಸಿಕ್ಕವರು ಎಲ್ಲ ಕಡೆಯೂ ‘ಹದ್ದು’ ಎಂದು ಬರೆದು ಮುಂದೆ ಹೋಗುತ್ತಾರೆ. ಆಮೇಲೆ ಗೂಬೆ ಹದ್ದಾಗುತ್ತದೆ, ಸರ್ಪ ಹದ್ದು ರಣಹದ್ದಾಗುತ್ತದೆ, ಕಠಿಣ ನಿಲುವಿನ ರಾಜಕಾರಣಿಯೂ ಹಕ್ಕಿಯಾಗುತ್ತಾನೆ. ಈ ಎರಡೂ ತೊಂದರೆಗಳ ಮೂಲ ಒಂದೇ: ಅಕ್ಷರವನ್ನು ಕಂಡೊಡನೆ ಹಕ್ಕಿಯ ಹೆಸರಿಗೆ ಹಾರುವುದು. ಮೊದಲು ಆಕಾರ, ಆಮೇಲೆ ಭಾಷೆ, ಆಮೇಲೆ ಓದುವ ರೀತಿ, ಆಮೇಲೆ ಅಕ್ಕಪಕ್ಕದ ಅಕ್ಷರಗಳು, ಎಲ್ಲಕ್ಕಿಂತ ಕೊನೆಗೆ ಹಕ್ಕಿ. ಈ ಕ್ರಮವನ್ನು ಬಿಡದೆ ನಡೆದರೆ ತಪ್ಪುಗಳು ಬಹುಮಟ್ಟಿಗೆ ತಪ್ಪುತ್ತವೆ.

ಈ ಬರಹದಲ್ಲಿ ಅಕ್ಷರಗಳನ್ನು ಅವುಗಳ ಉಚ್ಚಾರಣೆಯಿಂದ ಹೆಸರಿಸಿ, ಆಕಾರವನ್ನು ಮಾತಿನಲ್ಲಿ ವಿವರಿಸಿದ್ದೇನೆ. ಮೊದಲ ಹಂತ ಮುಗಿಯುವ ಹೊತ್ತಿಗೆ ಅಕ್ಷರವು ನಿಮ್ಮ ಫೋನಿನ ಪರದೆಯ ಮೇಲೆ ಇರುತ್ತದೆ. ಅದನ್ನು ದೊಡ್ಡದಾಗಿಸಿ ಎದುರಿಗೆ ಇಟ್ಟುಕೊಂಡು ಉಳಿದದ್ದನ್ನು ಓದಬೇಕು.

ಬೇಕಾದ ಸಾಮಗ್ರಿ

ಚೌಕುಳಿ ಹಾಳೆ ಮತ್ತು ಪೆನ್ಸಿಲ್; ಬೆರಳಿನಿಂದ ಬರೆದರೆ ಅಕ್ಷರವನ್ನು ಗುರುತಿಸುವ ಕೀಲಿಮಣೆ ಇರುವ ಫೋನ್; ಮೂಲ ಅಂಗದ, ಅಂದರೆ ಅಕ್ಷರಗಳನ್ನು ವರ್ಗೀಕರಿಸಲು ಬಳಸುವ ಭಾಗದ ಪ್ರಕಾರ ಹುಡುಕಬಹುದಾದ ಒಂದು ನಿಘಂಟು; ಯಾವ ಭಾಷೆಯ ಪಠ್ಯವನ್ನು ಓದುತ್ತಿದ್ದೀರೋ ಆ ಭಾಷೆಯದೇ ಆದ ಇನ್ನೊಂದು ನಿಘಂಟು; ವೈಜ್ಞಾನಿಕ ಹೆಸರುಗಳಿರುವ ಒಂದು ಪಕ್ಷಿಪಟ್ಟಿ. ಇವುಗಳಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಕೊನೆಯದನ್ನು, ಆದರೆ ಅದಿಲ್ಲದೆ ಎಂಟನೆಯ ಹಂತವನ್ನು ದಾಟಲು ಆಗುವುದಿಲ್ಲ. ಜಪಾನೀ ಪಠ್ಯಕ್ಕೆ ಚೀನೀ ನಿಘಂಟನ್ನೋ, ಕೊರಿಯನ್ ಪಠ್ಯಕ್ಕೆ ಜಪಾನೀ ನಿಘಂಟನ್ನೋ ಬಳಸಿ ಕೆಲಸ ಸಾಗಿಸುವ ಅಭ್ಯಾಸವನ್ನು ಇಲ್ಲಿಯೇ ಬಿಡಬೇಕು.

ಹಂತ 1: ಅಕ್ಷರವನ್ನು ಪರದೆಗೆ ತರುವುದು

ಚೀನೀ ಪಿನ್‌ಯಿನ್ ಕೀಲಿಮಣೆಯಲ್ಲಿ (ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಒತ್ತುವ ಕೀಲಿಮಣೆ) ವೈ, ಐ, ಎನ್, ಜಿ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿದರೆ ‘ಯಿಂಗ್’ ಎಂದು ಓದುವ ಅಕ್ಷರಗಳ ಸಾಲು ಮೂಡುತ್ತದೆ. ನಮಗೆ ಬೇಕಾದ ಅಕ್ಷರಕ್ಕೆ ಎರಡು ರೂಪಗಳಿವೆ. ಸಾಂಪ್ರದಾಯಿಕ ರೂಪವನ್ನು ತೈವಾನ್, ಹಾಂಗ್‌ಕಾಂಗ್, ಜಪಾನ್ ಮತ್ತು ಕೊರಿಯಾಗಳಲ್ಲಿ ಬಳಸುತ್ತಾರೆ. ಅದರ ಯೂನಿಕೋಡ್ ಸಂಖ್ಯೆ 9ಡಿಎಫ್9. ಸರಳೀಕೃತ ರೂಪವನ್ನು ಚೀನಾದ ಮುಖ್ಯಭೂಮಿಯಲ್ಲಿ ಮತ್ತು ಸಿಂಗಪುರದಲ್ಲಿ ಬಳಸುತ್ತಾರೆ. ಅದರ ಸಂಖ್ಯೆ 9ಇ70. ಗಣಕಯಂತ್ರಕ್ಕೆ ಇವು ಎರಡು ಬೇರೆ ಬೇರೆ ಅಕ್ಷರಗಳು. ಹಾಗಾಗಿ ಸರಳ ರೂಪವನ್ನು ಕೊಟ್ಟು ಜಪಾನೀ ಪಠ್ಯದಲ್ಲಿ ಹುಡುಕಿದಾಗ ಏನೂ ಸಿಗದಿದ್ದರೆ, ಪಠ್ಯದಲ್ಲಿ ಆ ಅಕ್ಷರ ಇಲ್ಲವೆಂದು ತೀರ್ಮಾನಿಸಬಾರದು.

ಇಲ್ಲಿನ ದೊಡ್ಡ ಅಪಾಯ ಬೇರೆಯೇ ಇದೆ. ಮ್ಯಾಂಡರಿನ್‌ನಲ್ಲಿ ಒಂದೇ ಉಚ್ಚಾರ, ಒಂದೇ ಸಮ ಎತ್ತರದ ಮೊದಲನೆಯ ಸ್ವರಮಟ್ಟವಿರುವ (ಟೋನ್) ‘ಯಿಂಗ್’ ಮೂರು ಹಕ್ಕಿಗಳಿಗೆ ಇದೆ: ಒಂದು ನಮ್ಮ ಬೇಟೆಹಕ್ಕಿ, ಇನ್ನೊಂದು ಇಂಪಾಗಿ ಹಾಡುವ ಪುಟ್ಟ ಉಲಿಯಕ್ಕಿಗಳ ಗುಂಪು, ಮತ್ತೊಂದು ಗಿಳಿಯ ಹೆಸರಾದ ‘ಯಿಂಗ್‌ವು’ ಎಂಬುದರ ಮೊದಲ ಅಕ್ಷರ. ಮೂರರಲ್ಲೂ ಹಕ್ಕಿಯ ಅಂಗವಿದೆ; ಆದ್ದರಿಂದ ಅವಸರದಲ್ಲಿ ನೋಡಿದವರಿಗೆ ಮೂರೂ ಸರಿಯೆನಿಸುತ್ತವೆ. ತೈಪೆಯ ಸಮೀಪದ ಪ್ರಸಿದ್ಧ ಕುಂಬಾರಿಕೆಯ ಊರು ಯಿಂಗ್‌ಗ ಇದೆಯಲ್ಲ, ಅದರ ಹೆಸರಿನಲ್ಲಿರುವುದು ಹಾಡುಹಕ್ಕಿಯ ಯಿಂಗ್, ಬೇಟೆಹಕ್ಕಿಯದಲ್ಲ. ಕಿವಿಯಿಂದ ಕೇಳಿದ ‘ಯಿಂಗ್’ ಅನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಆಕಾರವನ್ನು ಬಿಡಿಸಿ ಗೆರೆಗಳನ್ನು ಎಣಿಸುವುದು

ಸಾಂಪ್ರದಾಯಿಕ ರೂಪದಲ್ಲಿ 24 ಗೆರೆಗಳಿವೆ. ಒಟ್ಟಾಗಿ ನೋಡಿದರೆ ಕಣ್ಣು ಕಟ್ಟುತ್ತದೆ. ನಾಲ್ಕು ತುಂಡುಗಳಾಗಿ ನೋಡಿದರೆ ಸುಲಭ. ಮೊದಲನೆಯದು ಮೇಲಿನ ಚುಕ್ಕೆ, ಅದರ ಕೆಳಗಿನ ಅಡ್ಡಗೆರೆ, ಅದರ ಎಡತುದಿಯಿಂದ ಬಾಗಿ ಕೆಳಗಿಳಿಯುವ ಉದ್ದ ಗೆರೆ; ಎಡಕ್ಕೆ ಮಾತ್ರ ಗೋಡೆಯಿರುವ ಮಾಡಿನಂತೆ ಕಾಣುವ ಈ ತುಂಡಿಗೆ 3 ಗೆರೆಗಳು. ಎರಡನೆಯದು ಮಾಡಿನ ಒಳಗೆ ಎಡಭಾಗದಲ್ಲಿ ನಿಂತ ಮನುಷ್ಯನ ಅಂಗ, 2 ಗೆರೆಗಳು. ಮೂರನೆಯದು ಅದರ ಬಲಕ್ಕಿರುವ ಗಿಡ್ಡ ಬಾಲದ ಹಕ್ಕಿಯ ಅಂಗ, 8 ಗೆರೆಗಳು. ನಾಲ್ಕನೆಯದು ಇವೆಲ್ಲವನ್ನೂ ಹೊತ್ತಂತೆ ತಳದಲ್ಲಿ ಕುಳಿತ ಪೂರ್ಣ ಹಕ್ಕಿಯ ಅಂಗ, 11 ಗೆರೆಗಳು. ಸರಳೀಕೃತ ರೂಪದಲ್ಲಿ ಬದಲಾಗಿರುವುದು ತಳದ ಹಕ್ಕಿ ಮಾತ್ರ: ನಾಲ್ಕು ಚುಕ್ಕೆಗಳು ಹೋಗಿ ಒಂದು ಅಡ್ಡಗೆರೆ ಉಳಿದಿದೆ, 11 ಗೆರೆಗಳು 5 ಆಗಿವೆ. ಮೇಲಿನ 13 ಗೆರೆಗಳು ಹಾಗೆಯೇ ಇರುವುದರಿಂದ ಒಟ್ಟು 18.

ಎಣಿಕೆ ತಪ್ಪುವುದು ಹೆಚ್ಚಾಗಿ ಮೂರನೆಯ ತುಂಡಿನಲ್ಲಿ. ಅದರ ತಲೆಯ ಮೇಲಿನ ಸಣ್ಣ ಚುಕ್ಕೆಯನ್ನು ಕೆಳಗಿನ ಉದ್ದಗೆರೆಯ ಜೊತೆಗೆ ಒಂದೇ ಗೆರೆಯಾಗಿ ಎಣಿಸಿದವರಿಗೆ 8ರ ಬದಲು 7 ಬರುತ್ತದೆ, ಒಟ್ಟು 23 ಆಗುತ್ತದೆ. ಬರೆಯುವ ಕ್ರಮವೂ ಇಲ್ಲಿ ಎರಡು ಬಗೆ: ಮುಖ್ಯಭೂಮಿಯ ಚೀನಾದಲ್ಲಿ ಮೂರು ಅಡ್ಡಗೆರೆಗಳನ್ನು ಎಳೆದು ಆಮೇಲೆ ನಡುವಿನ ಉದ್ದಗೆರೆ, ಕೊನೆಗೆ ತಳದ ಅಡ್ಡಗೆರೆ, ಜಪಾನಿನಲ್ಲಿ ಮೊದಲ ಅಡ್ಡಗೆರೆಯ ಬೆನ್ನಿಗೇ ನಡುವಿನ ಉದ್ದಗೆರೆ, ಆಮೇಲೆ ಉಳಿದ ಮೂರು ಅಡ್ಡಗೆರೆಗಳು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ನೀವು ಕಲಿಯುತ್ತಿರುವ ಭಾಷೆಯ ಕ್ರಮವನ್ನೇ ರೂಢಿಸಿಕೊಳ್ಳಿ, ಏಕೆಂದರೆ ಗೆರೆಗಳ ಕ್ರಮವನ್ನು ಗಮನಿಸುವ ಕೀಲಿಮಣೆಗಳು ಬೆರಕೆ ಕ್ರಮಕ್ಕೆ ಬೇರೆ ಅಕ್ಷರವನ್ನು ತೋರಿಸಬಹುದು.

ಹಂತ 3: ಸರಿಯಾದ ಮೂಲ ಅಂಗದಡಿ ಹುಡುಕುವುದು

1716ರ ಕಾಂಗ್‌ಶಿ ನಿಘಂಟು ಚೀನೀ ಅಕ್ಷರಗಳನ್ನು 214 ಮೂಲ ಅಂಗಗಳ ಅಡಿಯಲ್ಲಿ ಜೋಡಿಸಿತು. ಇಂದಿಗೂ ಅನೇಕ ಅಕ್ಷರಕೋಶಗಳು ಅದೇ ಸಂಖ್ಯೆಗಳನ್ನು ಅನುಸರಿಸುತ್ತವೆ. ನಮ್ಮ ಅಕ್ಷರದೊಳಗೆ ಆ ಪಟ್ಟಿಯ ನಾಲ್ಕು ಅಂಗಗಳಿರುವುದೇ ತೊಡಕು. ಮಾಡಿನಂಥ ಹೊದಿಕೆ 53ನೆಯದು, ಮನುಷ್ಯ 9ನೆಯದು, ಗಿಡ್ಡ ಬಾಲದ ಹಕ್ಕಿ 172ನೆಯದು, ಪೂರ್ಣ ಹಕ್ಕಿ 196ನೆಯದು. ಹೊರಗಿನ ಹೊದಿಕೆಯಿಂದ ಆರಂಭಿಸುವುದು ಸಹಜವಾದ್ದರಿಂದ ಬಹಳ ಮಂದಿ 53ರ ಅಡಿಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳುತ್ತಾರೆ. ‘ಹಕ್ಕಿಯ ಅಕ್ಷರವಲ್ಲವೇ’ ಎಂದು 172ಕ್ಕೆ ಹೋದವರಿಗೂ ಅದು ಸಿಗುವುದಿಲ್ಲ. ಹುಡುಕಬೇಕಾದದ್ದು 196ನೆಯ ಅಂಗದಡಿ, ಉಳಿದ ಗೆರೆಗಳು 13 ಎಂಬ ಸಾಲಿನಲ್ಲಿ.

ಇದನ್ನು ನೆನಪಿಡಲು ಒಂದು ಆಧಾರವಿದೆ. ಇಂಥ ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ವರ್ಗವನ್ನು, ಉಳಿದದ್ದು ಉಚ್ಚಾರಣೆಯನ್ನು ಸೂಚಿಸುತ್ತದೆ. ಇಲ್ಲಿ ಮೇಲಿನ 13 ಗೆರೆಗಳ ಇಡೀ ಗುಂಪು ‘ಯಿಂಗ್’ ಎಂಬ ಧ್ವನಿಯನ್ನು ಕೊಡುತ್ತದೆ, ತಳದ ಹಕ್ಕಿ ಅರ್ಥವನ್ನು ಕೊಡುತ್ತದೆ. ಅರ್ಥ ಕೊಡುವ ಭಾಗವೇ ನಿಘಂಟಿನ ಮನೆ.

ಹಂತ 4: ಒಂದೇ ಮುಖದ ಅಕ್ಷರಗಳನ್ನು ಬೇರ್ಪಡಿಸುವುದು

ಅದೇ 13 ಗೆರೆಗಳ ತಲೆ ಇನ್ನೆರಡು ಅಕ್ಷರಗಳಿಗೂ ಇದೆ, ಇವೂ ‘ಯಿಂಗ್’ ಎಂದೇ ಓದಿಕೊಳ್ಳುತ್ತವೆ. ತಳದಲ್ಲಿ ಹೃದಯದ ಅಂಗವಿದ್ದರೆ ‘ಉತ್ತರಿಸು, ತಕ್ಕದ್ದಾಗು’ ಎಂಬ ಅರ್ಥ. ಮಾಂಸದ ಅಂಗವಿದ್ದರೆ ‘ಎದೆ’. ಇವೆರಡರಲ್ಲೂ ಒಟ್ಟು 17 ಗೆರೆಗಳು. ಹಳೆಯ ಮುದ್ರಣದಲ್ಲಿ, ಕಲ್ಲಿನ ಫಲಕಗಳಲ್ಲಿ ಅಥವಾ ಮಸುಕಾದ ಚಿತ್ರದಲ್ಲಿ ತಲೆ ಮಾತ್ರ ಸ್ಪಷ್ಟವಾಗಿ ಕಾಣಿಸಿದರೆ ಮೂರರಲ್ಲಿ ಯಾವುದಾದರೂ ಆಗಿರಬಹುದು. ಹೃದಯದ ಅಂಗದಲ್ಲೂ ಚುಕ್ಕೆಗಳಿರುವುದರಿಂದ ಚುಕ್ಕೆ ಕಂಡಿತೆಂದು ಹಕ್ಕಿಯೆಂದು ತೀರ್ಮಾನಿಸಬಾರದು. ಒಂದು ಸಾಲಿನಲ್ಲಿ ನಾಲ್ಕು ಚುಕ್ಕೆಗಳು, ಅವುಗಳ ಮೇಲೆ ಬಲತುದಿಯಲ್ಲಿ ಕೆಳಗಿಳಿದು ಕೊಕ್ಕೆಯಾಗುವ ಗೆರೆ, ಅದರ ಮೇಲೆ ಒಳಗೆರೆಗಳಿರುವ ಚೌಕ. ಈ ಮೂರೂ ಕಂಡರೆ ಮಾತ್ರ ಹಕ್ಕಿ.

ನಾಲ್ಕು ಚುಕ್ಕೆಗಳು ಕುದುರೆಯ ಅಕ್ಷರದಲ್ಲೂ ಕಾಗೆಯ ಅಕ್ಷರದಲ್ಲೂ ಇವೆ. ಕಾಗೆಯದಕ್ಕೆ ಹಕ್ಕಿಗಿಂತ ಒಂದು ಗೆರೆ ಕಡಿಮೆ, ಕಣ್ಣಿನ ಜಾಗದಲ್ಲಿ. ಕೈಬರಹದಲ್ಲಿ ಈ ಒಂದು ಗೆರೆ ತಪ್ಪಿದರೆ ಅಕ್ಷರವೇ ಇಲ್ಲದ ಅಕ್ಷರವಾಗುತ್ತದೆ.

ಹಂತ 5: ಯಾವ ಭಾಷೆಯಲ್ಲಿ ಓದುತ್ತಿದ್ದೀರಿ ಎಂದು ನಿರ್ಧರಿಸುವುದು

ಮ್ಯಾಂಡರಿನ್‌ನಲ್ಲಿ ‘ಯಿಂಗ್’ ಎಂಬ ಒಂದೇ ಓದು ಇದೆ. ಆಡುಮಾತಿನಲ್ಲಿ ಅದಕ್ಕೆ ‘ಲಾವೊ’ ಸೇರಿಸಿ ‘ಲಾವೊಯಿಂಗ್’ ಎನ್ನುತ್ತಾರೆ. ಕ್ಯಾಂಟನೀಸ್‌ನಲ್ಲಿಯೂ ‘ಯಿಂಗ್’.

ಜಪಾನೀಯಲ್ಲಿ ಒಂಟಿಯಾಗಿ ನಿಂತರೆ ‘ತಕಾ’, ಸಮಾಸದಲ್ಲಿ ಕೆಲವೊಮ್ಮೆ ‘ಯೋ’. ಟೋಕಿಯೋದ ಮಿತಕಾ ನಗರದ ಹೆಸರಿನ ಎರಡನೆಯ ಅಕ್ಷರ ಇದೇ. ಗಿಡುಗವನ್ನು ಪಳಗಿಸುವವನು ‘ತಕಾಜೋ’. ಆದರೆ ಯೊನೆಜಾವಾದ ಸಾಮಂತ ಉಎಸುಗಿ ಯೋಜಾನ್ (1751–1822) ಅವರ ಹೆಸರಿನಲ್ಲಿ ಇದೇ ಅಕ್ಷರವನ್ನು ‘ಯೋ’ ಎಂದು ಓದಬೇಕು. ‘ತಕಾಯಾಮಾ’ ಎಂದು ಓದುವುದು ತಪ್ಪು, ಆ ಹೆಸರಿನ ನಗರವನ್ನು ‘ಎತ್ತರ’ ಎಂಬ ಅರ್ಥದ ಬೇರೆಯೇ ಅಕ್ಷರದಿಂದ ಬರೆಯುತ್ತಾರೆ. ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. 2010ರಲ್ಲಿ ಪರಿಷ್ಕರಿಸಿದ 2136 ನಿತ್ಯಬಳಕೆಯ ಅಕ್ಷರಗಳ ಜಪಾನೀ ಪಟ್ಟಿಯಲ್ಲಿ ಈ ಅಕ್ಷರವಿಲ್ಲ. ಅದು ಹೆಸರುಗಳಿಗೆ ಅನುಮತಿಸಿದ ‘ಜಿನ್‌ಮೆಯಿಯೋ’ ಪಟ್ಟಿಯಲ್ಲಿದೆ. ಆದ್ದರಿಂದ ಶಾಲಾ ಮಟ್ಟದ ಪುಸ್ತಕದಲ್ಲಿ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಜಪಾನೀ ಪಕ್ಷಿ ಪುಸ್ತಕಗಳಲ್ಲಂತೂ ಹಕ್ಕಿಗಳ ಹೆಸರನ್ನು ಕತಕಾನಾ ಲಿಪಿಯಲ್ಲೇ ಬರೆಯುವುದು ವಾಡಿಕೆ.

ಕೊರಿಯನ್‌ನಲ್ಲಿ ಅಕ್ಷರದ ಓದು ‘ಉಂಗ್’, ಆದರೆ ದಿನನಿತ್ಯದ ಮಾತು ‘ಮೇ’. ರೋಮನ್ ಲಿಪಿಯಲ್ಲಿ ಇ, ಯು ಎಂಬ ಎರಡು ಅಕ್ಷರಗಳಿಂದ ಬರೆಯುವ ಆ ಸ್ವರ ಒಂದೇ ಸ್ವರ. ತುಟಿಯನ್ನು ದುಂಡಾಗಿಸದೆ ‘ಉ’ ಎನ್ನಬೇಕು. ಅದನ್ನು ‘ಯೂಂಗ್’ ಎಂದು ಬರೆದವರು ಮುಂದೆ ಯಾವ ಕೊರಿಯನ್ ಹುಡುಕಾಟದಲ್ಲೂ ಗುರಿ ಮುಟ್ಟುವುದಿಲ್ಲ. ಇಂದಿನ ಕೊರಿಯನ್ ಬರಹ ಬಹುಪಾಲು ಹಂಗುಲ್ ಲಿಪಿಯಲ್ಲೇ ಇರುವುದರಿಂದ ಈ ಅಕ್ಷರ ಎದುರಾಗುವುದು ಹೆಚ್ಚಾಗಿ ಸ್ಥಳನಾಮಗಳ ಮೂಲರೂಪದಲ್ಲಿ ಮತ್ತು ಹಳೆಯ ದಾಖಲೆಗಳಲ್ಲಿ: ಸಿಯೋಲ್‌ನ ಉಂಗ್‌ಬೊಂಗ್ ಗುಡ್ಡದ ಹೆಸರಿನಲ್ಲಿದೆ, ಗೊರ್ಯೊ ರಾಜ್ಯದಲ್ಲಿ ಬೇಟೆಯ ಗಿಡುಗಗಳನ್ನು ನೋಡಿಕೊಳ್ಳುತ್ತಿದ್ದ ‘ಉಂಗ್‌ಬಾಂಗ್’ ಎಂಬ ಕಚೇರಿಯ ಹೆಸರಿನಲ್ಲಿದೆ.

ವಿಯೆಟ್ನಾಮೀಯಲ್ಲಿ ಓದು ‘ಉಂಗ್’, ಅದೇ ತುಟಿ ದುಂಡಾಗದ ಸ್ವರ. ಹಕ್ಕಿ ‘ಚಿಮ್ ಉಂಗ್’. ಅಲ್ಲಿ ದೊಡ್ಡ ಹದ್ದಿಗೆ ಬಳಸುವ ‘ದಾಯ್ ಬಾಂಗ್’ ಎಂಬ ಮಾತು ಚೀನೀ ಪುರಾಣದ ಮಹಾಪಕ್ಷಿ ‘ಪೆಂಗ್’ನ ಹೆಸರಿನಿಂದ ಬಂದದ್ದು, ಅದರ ಹಿಂದೆ ನಮ್ಮ ಅಕ್ಷರವನ್ನು ಹುಡುಕಬಾರದು.

ಹಂತ 6: ಅಕ್ಕಪಕ್ಕದ ಅಕ್ಷರಗಳನ್ನು ನೋಡುವುದು

ಈ ಹಂತವನ್ನು ಹಾರಿಸಿದವರಿಂದಲೇ ಅತಿ ಮುಜುಗರದ ತಪ್ಪುಗಳು ಆಗುತ್ತವೆ. ಚೀನೀಯಲ್ಲಿ ‘ಯಿಂಗ್’ನ ಹಿಂದೆ ಬೆಕ್ಕು ಮತ್ತು ತಲೆ ಎಂಬ ಎರಡು ಅಕ್ಷರಗಳಿದ್ದರೆ, ಅಂದರೆ ‘ಮಾವೊತೋಯಿಂಗ್’ ಎಂದಿದ್ದರೆ, ಅದು ಗೂಬೆ. ಯಂತ್ರಾನುವಾದ ಪದಗಳನ್ನು ಒಡೆದು ಓದಿದಾಗ ‘ಬೆಕ್ಕಿನ ತಲೆಯ ಹದ್ದು’ ಎಂಬ ಪ್ರಾಣಿ ಹುಟ್ಟಿಕೊಳ್ಳುವುದನ್ನು ನೋಡಿದ್ದೇನೆ.

‘ಪಕ್ಷ, ಬಣ’ ಎಂಬ ಅರ್ಥದ ಅಕ್ಷರ ಮುಂದೆ ಬಂದರೆ ಅದು ರಾಜಕೀಯ ಅಥವಾ ಹಣಕಾಸಿನ ಸುದ್ದಿ: ಚೀನೀಯಲ್ಲಿ ‘ಯಿಂಗ್‌ಪಾಯ್’, ಜಪಾನೀಯಲ್ಲಿ ‘ತಕಾಹಾ’. ಎದುರಾಳಿ ಪದ ಪಾರಿವಾಳದ ಬಣ; ಅದೂ ಹತ್ತಿರದಲ್ಲೇ ಕಂಡರೆ ಅನುಮಾನವೇ ಬೇಡ. ಕೊರಿಯನ್‌ನಲ್ಲಿ ಇದೇ ಅರ್ಥಕ್ಕೆ ಅಕ್ಷರದ ಓದನ್ನು ಬಿಟ್ಟು ಮನೆಮಾತಿನ ‘ಮೇ’ಯನ್ನು ಹಿಡಿದು ‘ಮೇಪಾ’ ಎನ್ನುತ್ತಾರೆ. ಇಲ್ಲೆಲ್ಲ ಕನ್ನಡದಲ್ಲಿ ಹಕ್ಕಿಯ ಹೆಸರನ್ನು ಬರೆಯದೆ ‘ಕಠಿಣ ನಿಲುವಿನ ಬಣ’ ಎಂದೋ, ಬಡ್ಡಿದರದ ಸುದ್ದಿಯಾದರೆ ‘ಹಣದುಬ್ಬರ ತಡೆಯಲು ದರ ಏರಿಸಬೇಕೆನ್ನುವವರು’ ಎಂದೋ ಬರೆಯಬೇಕು.

ಜಪಾನಿನ ಕ್ರೀಡಾ ಪತ್ರಿಕೆಗಳ ಶೀರ್ಷಿಕೆಯಲ್ಲಿ ಈ ಅಕ್ಷರ ಒಂಟಿಯಾಗಿ ನಿಂತಿದ್ದರೆ ಅದು ಬಹುತೇಕ ಫುಕುವೊಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್ ಬೇಸ್‌ಬಾಲ್ ತಂಡ. ಮುಂದಿನ ಹಂತದಲ್ಲಿ ಬರುವ ‘ವಾಶಿ’ಯ ಅಕ್ಷರವಿದ್ದರೆ ರಕುಟೆನ್ ಈಗಲ್ಸ್.

ಹಂತ 7: ನಾಲ್ಕು ಸೋದರ ಅಕ್ಷರಗಳಿಂದ ಪ್ರತ್ಯೇಕಿಸುವುದು

ಹೆಚ್ಚು ಗೊಂದಲ ಮಾಡುವುದು ‘ಜಿಯೂ’. ಇದರ ತಳದಲ್ಲೂ ಹಕ್ಕಿಯಿದೆ. ಮುಖ್ಯಭೂಮಿಯ ಚೀನೀಯಲ್ಲಿ ಇದು ರಣಹದ್ದು. ಜಪಾನೀಯಲ್ಲಿ ಇದೇ ಅಕ್ಷರವನ್ನು ‘ವಾಶಿ’ ಎಂದು ಓದಿ ದೊಡ್ಡ ಹದ್ದಿಗೆ ಬಳಸುತ್ತಾರೆ. ರಣಹದ್ದಿಗೆ ‘ಬೋಳು’ ಎಂಬ ಮಾತನ್ನು ಸೇರಿಸಿ ‘ಹಗೆವಾಶಿ’ ಎನ್ನುತ್ತಾರೆ. ಕೊರಿಯನ್ ‘ದೊಕ್‌ಸುರಿ’ಯ ಮೊದಲ ಭಾಗವೂ ಅದೇ ‘ಬೋಳು’ ಎಂಬ ಅಕ್ಷರವೇ. ಪಕ್ಷಿ ಪುಸ್ತಕದಲ್ಲಿ ಅದು ರಣಹದ್ದಿನ ಹೆಸರು, ಆದರೆ ಜನರ ಮಾತಿನಲ್ಲಿ ಯಾವುದೇ ದೊಡ್ಡ ಹದ್ದಿನ ಹೆಸರು.

ಭಾರತಕ್ಕೆ ನೇರವಾಗಿ ಸೇರಿದ ಒಂದು ಬಳಕೆಯೂ ‘ಜಿಯೂ’ಗೆ ಇದೆ. ಬುದ್ಧ ಉಪದೇಶ ಮಾಡಿದ ರಾಜಗೀರ್‌ನ ಗೃಧ್ರಕೂಟವನ್ನು ಚೀನೀ ಬೌದ್ಧರು ‘ಲಿಂಗ್‌ಜಿಯೂಶಾನ್’ ಎಂದು ಕರೆದರು. ಜಪಾನೀಯಲ್ಲಿ ಅದು ‘ರ್ಯೋಜುಸೆನ್’. ಗೃಧ್ರವೆಂದರೆ ರಣಹದ್ದೇ ಆದ್ದರಿಂದ ಇಲ್ಲಿ ಜಪಾನೀ ಪಠ್ಯವಾದರೂ ಹದ್ದಿನ ಬೆಟ್ಟ ಎಂದು ಬರೆಯದೆ ಗೃಧ್ರಕೂಟ ಎಂದೇ ಬರೆಯಬೇಕು. ಕೊರಿಯಾದ ತೊಂಗ್‌ದೊಸಾ ಮಠದ ಹಿಂದಿನ ಬೆಟ್ಟಕ್ಕೆ ಇದೇ ಹೆಸರಿದೆ, ಆದರೆ ಓದು ವಿಶಿಷ್ಟ: ಸಾಮಾನ್ಯವಾಗಿ ‘ಚ್ವಿ’ ಎಂದು ಓದುವ ಅಕ್ಷರವನ್ನು ಅಲ್ಲಿ ‘ಚುಕ್’ ಎಂದು ಓದಿ ‘ಯೊಂಗ್‌ಚುಕ್‌ಸಾನ್’ ಎನ್ನುತ್ತಾರೆ. ಬೆಟ್ಟ, ಮಠ, ಸೂತ್ರ ಎಂಬ ಮಾತುಗಳ ಹತ್ತಿರ ‘ಜಿಯೂ’ ಕಂಡರೆ ಮೊದಲು ಗೃಧ್ರಕೂಟವನ್ನು ನೆನೆಯಿರಿ.

‘ದಿಯಾವ್’ ಚೀನೀಯಲ್ಲಿ ದೊಡ್ಡ ಹದ್ದು: ‘ಜಿನ್‌ದಿಯಾವ್’ ಹೊಂಬಣ್ಣದ ಹದ್ದು. ಇದೇ ಅಕ್ಷರಕ್ಕೆ ‘ಕೆತ್ತು’ ಎಂಬ ಅರ್ಥವೂ ಇದ್ದು, ಶಿಲ್ಪದ ಬಗೆಗಿನ ಬರಹದಲ್ಲಿ ಹಕ್ಕಿಯನ್ನು ಹುಡುಕಬಾರದು.

‘ಸುನ್’ ಕೇವಲ 10 ಗೆರೆಗಳ ಅಕ್ಷರ, ಗಿಡ್ಡ ಬಾಲದ ಹಕ್ಕಿಯ ಕೆಳಗೆ ಹತ್ತು ಎಂಬ ಸಂಖ್ಯೆಯ ಗುರುತು. ಇದರ ಮನೆ 172ನೆಯ ಅಂಗ. ಜಪಾನೀಯಲ್ಲಿ ‘ಹಯಾಬುಸಾ’, ಅಂದರೆ ನಮ್ಮ ಚಾಣ.

‘ಯುವಾನ್’ ಹದ್ದು, ಜಪಾನೀಯಲ್ಲಿ ‘ತೊಬಿ’. ಕೊರಿಯನ್‌ನಲ್ಲಿ ಇದರ ಓದಾದ ‘ಯೊನ್’ ಇಂದು ಗಾಳಿಪಟದ ಹೆಸರು. ಜಪಾನಿನ ಕಟ್ಟಡ ಕೆಲಸದ ಬಗೆಗಿನ ಬರಹದಲ್ಲಿ ‘ತೊಬಿ’ ಬಂದರೆ ಎತ್ತರದ ಸಾರುವೆಯ ಮೇಲೆ ಕೆಲಸ ಮಾಡುವವನು. ಸಾಧಾರಣ ತಂದೆತಾಯಿಗೆ ಅಸಾಧಾರಣ ಮಗು ಹುಟ್ಟಿದಾಗ ಜಪಾನೀಯರು ತೊಬಿಗೆ ತಕಾ ಹುಟ್ಟಿತು ಎನ್ನುತ್ತಾರೆ. ಎರಡನ್ನೂ ‘ಹದ್ದು’ ಎಂದು ಬರೆದರೆ ಆ ಗಾದೆಯಲ್ಲಿ ಏನೂ ಉಳಿಯುವುದಿಲ್ಲ. ಹದ್ದಿಗೆ ಗಿಡುಗ ಹುಟ್ಟಿತು ಎಂದೇ ಬರೆಯಬೇಕು.

ಹಂತ 8: ವೈಜ್ಞಾನಿಕ ಹೆಸರಿನ ಮೂಲಕ ಹಕ್ಕಿಯನ್ನು ಖಚಿತಪಡಿಸಿಕೊಳ್ಳುವುದು

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ತೈವಾನಿನ ಕಾಡಿನ ಬಗೆಗಿನ ಬರಹದಲ್ಲಿ ‘ದಾಗ್ವಾನ್‌ಜಿಯೂ’ ಎಂಬ ಹಕ್ಕಿ ಬಂದಿದೆ ಎಂದುಕೊಳ್ಳಿ. ಬಿಡಿಬಿಡಿಯಾಗಿ ಓದಿದರೆ ‘ದೊಡ್ಡ ಕಿರೀಟದ ರಣಹದ್ದು’. ಆದರೆ ಹೆಸರನ್ನು ಪಕ್ಷಿಪಟ್ಟಿಯಲ್ಲಿ ನೋಡಿದಾಗ ಸಿಗುವುದು ಸ್ಪಿಲಾರ್ನಿಸ್ ಚೀಲಾ. ಇದೇ ಪ್ರಭೇದಕ್ಕೆ ಮುಖ್ಯಭೂಮಿಯಲ್ಲಿ ‘ಶದಿಯಾವ್’, ಅಂದರೆ ಹಾವಿನ ಹದ್ದು; ಜಪಾನಿನ ಇಶಿಗಾಕಿ ಮತ್ತು ಇರಿಯೊಮೊತೆ ದ್ವೀಪಗಳಲ್ಲಿ ‘ಕನ್ಮುರಿವಾಶಿ’, ಅಂದರೆ ಕಿರೀಟದ ವಾಶಿ. ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಮರದ ಮೇಲೆ ಕುಳಿತು ಕೆಳಗೆ ದಿಟ್ಟಿಸುವ, ಹಾರುವಾಗ ರೆಕ್ಕೆಯ ಅಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ ತೋರಿಸುವ ನಮ್ಮ ಸರ್ಪ ಹದ್ದು ಇದೇ. ಅಕ್ಷರ ಮೂರು ಕಡೆ ಮೂರು ದಾರಿ ಹಿಡಿದಿದ್ದರೂ ವೈಜ್ಞಾನಿಕ ಹೆಸರು ಒಂದೇ ಕಡೆಗೆ ತಂದು ನಿಲ್ಲಿಸುತ್ತದೆ.

ಅದೇ ರೀತಿ ತೈವಾನಿನಲ್ಲಿ ‘ಲಾವೊಯಿಂಗ್’ ಎಂದು ಜನ ಕರೆಯುವುದು, ಹಾಂಗ್‌ಕಾಂಗ್‌ನಲ್ಲಿ ‘ಮಾಯಿಂಗ್’ ಎನ್ನುವುದು ಮಿಲ್ವಸ್ ಮೈಗ್ರಾನ್ಸ್, ಬೆಂಗಳೂರಿನ ಆಕಾಶದಲ್ಲಿ ದಿನವೂ ಸುತ್ತುವ ಹದ್ದು. ಅಲ್ಲಿ ‘ಯಿಂಗ್’ಗೆ ‘ಹದ್ದು’ ಎಂದು ಬರೆಯುವುದು ಸರಿ. ಆದರೆ ‘ತ್ಸಾಂಗ್‌ಯಿಂಗ್’, ಜಪಾನೀ ‘ಓತಕಾ’, ಕೊರಿಯನ್ ‘ಚಮ್‌ಮೇ’ ಬಂದರೆ ಅದು ದೊಡ್ಡ ಗಿಡುಗ. ಹಳೆಯ ಪುಸ್ತಕಗಳಲ್ಲಿ ಅಕ್ಸಿಪಿಟರ್ ಜೆಂಟಿಲಿಸ್, ಹೊಸ ಪಟ್ಟಿಗಳಲ್ಲಿ ಅಸ್ಟುರ್ ಜೆಂಟಿಲಿಸ್. ಜಾತಿಯ ಹೆಸರು ಬದಲಾಗಿದ್ದರೂ ಪ್ರಭೇದದ ಹೆಸರು ಉಳಿದಿದೆ, ಅದನ್ನು ಹಿಡಿದು ಹುಡುಕಿ.

ಜಪಾನೀ ವಾಶಿ ಮತ್ತು ತಕಾಗಳ ನಡುವಿನ ಗೆರೆ ಗಾತ್ರದ್ದೇ ಹೊರತು ವಂಶದ್ದಲ್ಲ, ಗಾತ್ರದ ನಿಯಮವೂ ಎಲ್ಲ ಕಡೆ ನಿಲ್ಲುವುದಿಲ್ಲ. ‘ಕುಮತಕಾ’ ಎಂಬ ಬೆಟ್ಟದ ಹಕ್ಕಿ ಮೇಲೆ ಹೇಳಿದ ಕನ್ಮುರಿವಾಶಿಗಿಂತ ದೊಡ್ಡದು. ಆದ್ದರಿಂದ ‘ತಕಾ ಅಂದರೆ ಚಿಕ್ಕದು’ ಎಂಬ ಊಹೆಯ ಮೇಲೆ ಹೆಸರು ಕೊಡಬಾರದು.

ಹಂತ 9: ಕನ್ನಡದಲ್ಲಿ ಬರೆಯುವುದು

ಇಷ್ಟಾದ ಮೇಲೆ ಕನ್ನಡದ ಆಯ್ಕೆ ಕಷ್ಟವಲ್ಲ, ಏಕೆಂದರೆ ಗಿಡುಗ, ಹದ್ದು, ಚಾಣ, ರಣಹದ್ದು ಎಂಬ ಭೇದ ನಮ್ಮಲ್ಲೂ ಇದೆ. ಹಕ್ಕಿ ಖಚಿತವಾಗಿದ್ದರೆ ಅದರ ಹೆಸರು. ಖಚಿತವಾಗದಿದ್ದರೆ, ಉದಾಹರಣೆಗೆ ಹಳೆಯ ಕವಿತೆಯಲ್ಲಿ ಒಂಟಿ ‘ಯಿಂಗ್’ ಬಂದಾಗ, ‘ಗಿಡುಗ’ ಎಂದು ಬರೆಯುವುದು ಕ್ಷೇಮ, ಏಕೆಂದರೆ ಕೈಮೇಲೆ ಕೂರಿಸಿ ಬೇಟೆಗೆ ಬಿಡುವ ಹಕ್ಕಿಯೆಂಬ ಭಾವ ಆ ಅಕ್ಷರಕ್ಕೆ ಚೀನಾ, ಕೊರಿಯಾ, ಜಪಾನ್ ಮೂರರಲ್ಲೂ ಅಂಟಿಕೊಂಡಿದೆ.

‘ಗರುಡ’ ಎಂಬ ಮಾತನ್ನು ಸೌಂದರ್ಯಕ್ಕಾಗಿ ಬಳಸುವ ಆಸೆಯನ್ನು ತಡೆದುಕೊಳ್ಳಬೇಕು. ಪೌರಾಣಿಕ ಗರುಡನಿಗೆ ಚೀನೀಯಲ್ಲಿ ‘ಜಿಯಾಲೋಲ್ವೊ’, ಜಪಾನೀಯಲ್ಲಿ ‘ಕರುರಾ’ ಎಂಬ ಬೇರೆ ಹೆಸರುಗಳಿವೆ. ಬೌದ್ಧ ಪಠ್ಯದಲ್ಲಿ ಎರಡೂ ಒಂದೇ ಪುಟದಲ್ಲಿ ಬರಬಹುದು. ಸ್ಥಳನಾಮ ಮತ್ತು ವ್ಯಕ್ತಿನಾಮಗಳನ್ನು ಅನುವಾದಿಸದೆ ಆಯಾ ಭಾಷೆಯ ಓದಿನಲ್ಲೇ ಬರೆಯಿರಿ: ಮಿತಕಾ, ಉಂಗ್‌ಬೊಂಗ್, ಯೋಜಾನ್. ಅಕ್ಷರದ ಅರ್ಥವನ್ನು ತಿಳಿಸಲೇಬೇಕಿದ್ದರೆ ಮೊದಲ ಬಾರಿ ಬಂದಾಗ ಒಂದು ಚಿಕ್ಕ ವಾಕ್ಯದಲ್ಲಿ ಹೇಳಿ, ಅಲ್ಲಿಂದ ಮುಂದೆ ಹೆಸರನ್ನಷ್ಟೇ ಬಳಸಿ.